ಹೆಂಚು ಹಾರಿದ ಮನೆಗೆ ಸರ್ಕಾರದ ನೆರವು



ತಿಪಟೂರು ತಾಲ್ಲೂಕಿನ ನೊಣವಿನಕೆರೆ ಹೋಬಳಿಯ ಯಾವುದಾದರೂ ಒಂದು ಹಳ್ಳಿಯ ಹೆಂಚಿನ ಮನೆಯನ್ನು ನಿಮ್ಮ ಕಣ್ಣ ಮುಂದೆ ತಂದುಕೊಳ್ಳಿ. ಸುತ್ತ ತೆಂಗಿನ ತೋಟ, ಮನೆಗೆ ಹೊಂದಿಕೊಂಡಂತೆ ಕೊಟ್ಟಿಗೆ, ಒಳಗೆ ತಲೆಯ ಮೇಲೆ ಅಟ್ಟ. ಆ ಅಟ್ಟದ ತುಂಬ ಕಾಯಿ. ಏಪ್ರಿಲ್ ಅಥವಾ ಮೇ ತಿಂಗಳ ಒಂದು ಸಂಜೆ. ದಿನವಿಡೀ ಸುಟ್ಟ ಬಿಸಿಲು ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಧೂಳೆಬ್ಬಿಸಿಕೊಂಡು ತಣ್ಣನೆಯ ಗಾಳಿ ನುಗ್ಗುತ್ತದೆ. ಹತ್ತು ನಿಮಿಷದಲ್ಲಿ ಮಾಡಿನ ಒಂದು ಮಗ್ಗುಲಿನ ಹೆಂಚು ನೆಲದ ಮೇಲೆ ಚೂರುಚೂರಾಗಿ ಬಿದ್ದಿರುತ್ತದೆ. ಅದರ ಬೆನ್ನಿಗೇ ಮಳೆ.

ಇಂಥ ಮನೆಯ ಯಜಮಾನನಿಗೆ ಸರ್ಕಾರ ಏನು ಕೊಡುತ್ತದೆ? ಯಾವ ಆಧಾರದ ಮೇಲೆ ಕೊಡುತ್ತದೆ? ಕೊಟ್ಟ ಹಣ ಸಾಲುತ್ತದೆಯೇ? ಈ ಪ್ರಶ್ನೆಗಳನ್ನು ನಾವಿಲ್ಲಿ ವಿಚಾರ ಮಾಡೋಣ. ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಸರ್ಕಾರದ ಪರಿಹಾರವೆಂದರೆ ಕಳೆದುಕೊಂಡದ್ದರ ಬೆಲೆಯಲ್ಲ. ಬಿದ್ದವನು ಮತ್ತೆ ಎದ್ದು ನಿಲ್ಲಲು ಕೊಡುವ ಊರುಗೋಲು ಅದು. ಆ ಊರುಗೋಲು ಕೈಗೆ ಸಿಗುವುದು ಕಣ್ಣೀರಿನ ಮೇಲಲ್ಲ, ದಾಖಲೆಯ ಮೇಲೆ.

ನಮ್ಮ ಸೀಮೆಯ ಗಾಳಿ

ಬೆಚ್ಚಗಿನ ಸಮುದ್ರದ ಮೇಲೆ ಹುಟ್ಟಿ ಸುರುಳಿ ಸುತ್ತುತ್ತ ಬರುವ ಮಹಾಗಾಳಿಯನ್ನು ನಾವು ಚಂಡಮಾರುತ ಎನ್ನುತ್ತೇವೆ. ಅಮೆರಿಕದವರು ಹರಿಕೇನ್ ಎನ್ನುತ್ತಾರೆ, ಜಪಾನಿನ ಕಡೆಯವರು ಟೈಫೂನ್ ಎನ್ನುತ್ತಾರೆ. ಹೆಸರು ಬೇರೆಯಾದರೂ ಜಾತಿ ಒಂದೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳು ಸಮುದ್ರದಿಂದ ದೂರ ಇರುವುದರಿಂದ ಚಂಡಮಾರುತದ ಪೂರ್ಣ ಹೊಡೆತ ಇಲ್ಲಿಗೆ ತಲುಪುವುದಿಲ್ಲ. ಆದರೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳು ತರುವ ಮಳೆ ತಲುಪುತ್ತದೆ. 2021ರ ನವೆಂಬರ್ ತಿಂಗಳಿನಲ್ಲಿ ಹೀಗೆ ಎಡೆಬಿಡದೆ ಸುರಿದ ಮಳೆಗೆ ದಕ್ಷಿಣ ಒಳನಾಡಿನ ಜಿಲ್ಲೆಗಳಲ್ಲಿ ಅನೇಕ ಮಣ್ಣಿನ ಗೋಡೆಯ ಮನೆಗಳು ಕುಸಿದುಬಿದ್ದವು.

ಬೇಸಿಗೆಯ ಕೊನೆಯಲ್ಲಿ ಬರುವ ಬಿರುಗಾಳಿಯ ರೀತಿ ಬೇರೆ. ಕಾದ ನೆಲದಿಂದ ಮೇಲೇರಿದ ತೇವದ ಗಾಳಿ ದೊಡ್ಡ ಗುಡುಗು ಮೋಡವಾಗುತ್ತದೆ. ಮೋಡದಿಂದ ಮಳೆ ಇಳಿಯತೊಡಗಿದಾಗ ಅದರ ಸುತ್ತಲಿನ ಗಾಳಿ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ. ಅದು ರಭಸದಿಂದ ಕೆಳಕ್ಕಿಳಿದು ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆಗಿಂತ ಮುಂಚೆ ತಣ್ಣನೆಯ ಗಾಳಿ ಬರುವುದು ಈ ಕಾರಣದಿಂದ. ಭರಣಿ, ಕೃತ್ತಿಕೆ ಮಳೆಗಳ ಗುಣ ಬಲ್ಲ ಹಿರಿಯರು ಧೂಳು ಕಂಡ ಕೂಡಲೇ ಮಕ್ಕಳನ್ನು ಒಳಗೆ ಕರೆಯುತ್ತಿದ್ದುದರ ಹಿಂದೆ ಇದೇ ಅನುಭವವಿದೆ.

ಹೆಂಚು ಹಾರುವುದೇಕೆ?

ಗಾಳಿ ಮಾಡನ್ನು ಕೆಳಕ್ಕೆ ಒತ್ತುತ್ತದೆ ಎಂದು ನಾವು ತಿಳಿಯುವುದು ಸಹಜ. ನಿಜವಾಗಿ, ಇಳಿಜಾರಿನ ಮಾಡಿನ ನೆತ್ತಿ, ಅಂಚು ಮತ್ತು ಗಾಳಿಯ ಮರೆಯ ಮಗ್ಗುಲಿನಲ್ಲಿ ಗಾಳಿ ಹೀರಿಕೊಂಡಂತೆ ಮೇಲಕ್ಕೆ ಎಳೆಯುತ್ತದೆ. ಅದೇ ಹೊತ್ತಿಗೆ ತೆರೆದ ಬಾಗಿಲು, ಕಿಟಕಿಗಳಿಂದ ಒಳನುಗ್ಗಿದ ಗಾಳಿ ಕೆಳಗಿನಿಂದ ದೂಡುತ್ತದೆ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಅಂದಾಜು 24 ಕಿಲೋ ಭಾರಕ್ಕೆ ಸಮ. ವೇಗ ಎರಡರಷ್ಟಾಗಿ 144 ಕಿಲೋಮೀಟರ್ ಆದರೆ ಒತ್ತಡ ನಾಲ್ಕರಷ್ಟಾಗಿ ಸುಮಾರು 98 ಕಿಲೋ ಆಗುತ್ತದೆ.

ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತೆರೆದರು. ಅಲ್ಲಿಂದ ಈ ಹೆಂಚು ನಾಡಿನ ಮನೆಮನೆಗೂ ಬಂತು. ಇದನ್ನು ಸಾಮಾನ್ಯವಾಗಿ ಮೊಳೆ ಹೊಡೆದು ಬಿಗಿಯುವುದಿಲ್ಲ. ತನ್ನ ಭಾರದಿಂದಲೂ ಒಂದಕ್ಕೊಂದರ ಕೊಂಡಿಯಿಂದಲೂ ರೀಪಿನ ಮೇಲೆ ಕುಳಿತಿರುತ್ತದೆ. ಅಂಚಿನ ಒಂದು ಹೆಂಚು ಎದ್ದರೆ ಪಕ್ಕದ್ದಕ್ಕೆ ಹಿಡಿತ ತಪ್ಪುತ್ತದೆ. ಹೀಗೆ ಸಾಲಿಗೆ ಸಾಲೇ ಕೀಳುತ್ತದೆ. ತಗಡಿನ ಶೀಟು ಇನ್ನೂ ಹಗುರ. ಕೊಕ್ಕೆ ಬೋಲ್ಟು ಸಡಿಲವಾಗಿದ್ದರೆ ಅದು ಹಾಳೆಯಂತೆ ಹಾರಿಹೋಗುತ್ತದೆ. ತೆಂಗಿನ ಸೀಮೆಯಲ್ಲಿ ಇದರ ಜೊತೆಗೆ ಮತ್ತೊಂದು ಅಪಾಯವೂ ಇದೆ. ಮನೆಯ ಕಡೆ ಬಾಗಿದ ಮರ ಬುಡಸಹಿತ ಮಾಡಿನ ಮೇಲೆ ಉರುಳಿದರೆ ಜಂತೆ, ಗೋಡೆ ಎರಡೂ ಮುರಿಯುತ್ತವೆ.

ಹಣ ಬರುವುದು ಎಲ್ಲಿಂದ?

ಬ್ರಿಟಿಷ್ ಇಂಡಿಯಾದಲ್ಲಿ ಕಷ್ಟಕ್ಕೆ ಸಿಕ್ಕಿದ ರೈತನಿಗೆ ಸರ್ಕಾರದ ಮುಖ್ಯ ನೆರವೆಂದರೆ ತಕಾವಿ ಸಾಲ. 1883 ಮತ್ತು 1884ರ ಎರಡು ಕಾಯಿದೆಗಳು ಇದಕ್ಕೆ ಆಧಾರ. ಹೆಸರೇ ಹೇಳುವಂತೆ ಅದು ಸಾಲ, ಹಿಂದಿರುಗಿಸಬೇಕಾದ ಹಣ. ಸ್ವಾತಂತ್ರ್ಯಾನಂತರ ಸಹಾಯಧನದ ಪದ್ಧತಿ ಕ್ರಮೇಣ ಬೆಳೆಯಿತು. ಒಂಬತ್ತನೆಯ ಹಣಕಾಸು ಆಯೋಗದ ಶಿಫಾರಸಿನಂತೆ 1990ರಲ್ಲಿ ಪ್ರತಿ ರಾಜ್ಯಕ್ಕೂ ವಿಪತ್ತು ಪರಿಹಾರ ನಿಧಿ ಏರ್ಪಟ್ಟಿತು. 2005ರಲ್ಲಿ ಸಂಸತ್ತು ವಿಪತ್ತು ನಿರ್ವಹಣಾ ಕಾಯಿದೆಯನ್ನು ಅಂಗೀಕರಿಸಿತು. ಅದರ 12ನೆಯ ಪ್ರಕರಣದಲ್ಲಿ ಪರಿಹಾರದ ಕನಿಷ್ಠ ಮಟ್ಟಗಳನ್ನು ಹೇಳುವಾಗ, ಮನೆಗಳ ಹಾನಿಗೆ ನೆರವು ಎಂಬ ಮಾತನ್ನು ಸ್ಪಷ್ಟವಾಗಿ ಸೇರಿಸಲಾಯಿತು. 2010ರಲ್ಲಿ ಹಳೆಯ ನಿಧಿಯ ಜಾಗಕ್ಕೆ ರಾಜ್ಯ ವಿಪತ್ತು ಸ್ಪಂದನಾ ನಿಧಿ ಬಂತು.

ಹದಿನೈದನೆಯ ಹಣಕಾಸು ಆಯೋಗದ ಅವಧಿಯಲ್ಲಿ ಕರ್ನಾಟಕದಂಥ ರಾಜ್ಯಗಳ ಈ ನಿಧಿಗೆ ಕೇಂದ್ರ ಸರ್ಕಾರ ಶೇಕಡಾ 75, ರಾಜ್ಯ ಸರ್ಕಾರ ಶೇಕಡಾ 25ರಷ್ಟು ಹಣ ಹಾಕುವ ವ್ಯವಸ್ಥೆ ಇತ್ತು. ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಆಲಿಕಲ್ಲು ಮಳೆ, ಭೂಕುಸಿತ ಮುಂತಾದ 12 ವಿಪತ್ತುಗಳ ರಾಷ್ಟ್ರೀಯ ಪಟ್ಟಿಯೊಂದಿತ್ತು. ಸಿಡಿಲಿನಂಥ ಸ್ಥಳೀಯ ವಿಪತ್ತುಗಳನ್ನು ರಾಜ್ಯ ಸರ್ಕಾರವೇ ಘೋಷಿಸಿ, ನಿಧಿಯ ಶೇಕಡಾ 10ರವರೆಗಿನ ಹಣವನ್ನು ಅದಕ್ಕೆ ಬಳಸಬಹುದೆಂಬ ಅವಕಾಶವನ್ನೂ ಕೊಡಲಾಯಿತು. ಆದ್ದರಿಂದ ಅರ್ಜಿಯಲ್ಲಿ ಹಾನಿಯ ಕಾರಣವನ್ನು ಸರಿಯಾಗಿ ಬರೆಯಬೇಕು. ಬರೀ 'ಮನೆ ಬಿದ್ದಿದೆ' ಎಂದರೆ ಸಾಲದು. ಯಾವ ದಿನ, ಎಷ್ಟು ಹೊತ್ತಿಗೆ, ಗಾಳಿಯೋ ಮಳೆಯೋ ಆಲಿಕಲ್ಲೋ ಎಂಬುದು ಇರಬೇಕು.

ದರಪಟ್ಟಿ ಏನು ಹೇಳುತ್ತದೆ?

2022-23ರಿಂದ 2025-26ರವರೆಗಿನ ಅವಧಿಗೆ ಕೇಂದ್ರ ಗೃಹ ಸಚಿವಾಲಯ ನಿಗದಿಪಡಿಸಿದ ದರಗಳು ಹೀಗಿದ್ದವು. ಬಯಲು ಸೀಮೆಯಲ್ಲಿ ಪೂರ್ಣವಾಗಿ ಅಥವಾ ತೀವ್ರವಾಗಿ ಹಾನಿಗೊಂಡ ಮನೆಗೆ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000 ರೂಪಾಯಿ. ಕನಿಷ್ಠ ಶೇಕಡಾ 15ರಷ್ಟು ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಗುಡಿಸಲಿಗೆ 8,000 ರೂಪಾಯಿ. ಮನೆಗೆ ಹೊಂದಿಕೊಂಡ ಕೊಟ್ಟಿಗೆಗೆ 3,000 ರೂಪಾಯಿ.

ಇದು ಕನಿಷ್ಠ ಮಟ್ಟ. ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಇದರ ಮೇಲೆ ಹೆಚ್ಚು ಕೊಡಬಹುದು. ಕರ್ನಾಟಕದಲ್ಲಿ 2019ರ ಭಾರಿ ಪ್ರವಾಹದ ನಂತರ ಹಾನಿಯಾದ ಮನೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಲಾಯಿತು. ಶೇಕಡಾ 75ಕ್ಕಿಂತ ಹೆಚ್ಚು ಹಾನಿಯಾದ ಎ ವರ್ಗದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ಅಲ್ಪ ಹಾನಿಯ ಸಿ ವರ್ಗಕ್ಕೆ 50,000 ರೂಪಾಯಿ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ, ಅಡಿಪಾಯದಿಂದ ಹಿಡಿದು ಕಟ್ಟಡ ಏರಿದಂತೆ ಹಂತ ಹಂತವಾಗಿ ಹಣ ಬಿಡುಗಡೆ ಮಾಡುವ ಕ್ರಮ ಇತ್ತು. ಇಂಥ ಹೆಚ್ಚುವರಿ ನೆರವು ಆಯಾ ವರ್ಷದ ಸರ್ಕಾರಿ ಆದೇಶವನ್ನು ಅವಲಂಬಿಸಿರುತ್ತದೆ. ಒಂದು ವರ್ಷ ಕೊಟ್ಟದ್ದು ಮರುವರ್ಷವೂ ಅಷ್ಟೇ ಇರುತ್ತದೆಂದು ತಿಳಿಯಬಾರದು. ನಿಮ್ಮ ಊರಿನಲ್ಲಿ ಹಾನಿಯಾದಾಗ ಜಾರಿಯಲ್ಲಿರುವ ದರವನ್ನು ತಹಸೀಲ್ದಾರರ ಕಚೇರಿಯಲ್ಲಿ ಕೇಳಿ ತಿಳಿಯುವುದೇ ಸರಿಯಾದ ದಾರಿ.

ಈ ಪಟ್ಟಿಯಲ್ಲಿ ಒಂದು ಅಂತರವನ್ನು ಗಮನಿಸಿ. ಭಾಗಶಃ ಮತ್ತು ತೀವ್ರ ಎಂಬ ಎರಡು ಮಾತುಗಳ ನಡುವೆ 6,500 ರೂಪಾಯಿ ಮತ್ತು 1,20,000 ರೂಪಾಯಿಗಳ ವ್ಯತ್ಯಾಸವಿದೆ. ಹೆಂಚು ಹಾರಿದ್ದರ ಜೊತೆಗೆ ಗೋಡೆಯೂ ಬಿರಿದಿದೆಯೇ, ತೊಲೆ ಜಾರಿದೆಯೇ ಎಂಬುದನ್ನು ಪರಿಶೀಲನೆಗೆ ಬಂದವರು ನೋಡಿ ಬರೆದರೋ ಇಲ್ಲವೋ ಎಂಬುದರ ಮೇಲೆ ಒಂದು ಸಂಸಾರದ ಮುಂದಿನ ಕೆಲವು ವರ್ಷಗಳು ನಿಂತಿರುತ್ತವೆ. ಮಣ್ಣಿನ ಗೋಡೆ ನೆನೆದ ದಿನವೇ ಬೀಳದೆ ಎರಡು ಮೂರು ದಿನದ ಮೇಲೆ ಬೀಳುವುದೂ ಉಂಟು. ಅಂಥ ಸಂದರ್ಭದಲ್ಲಿ ಮರುಪರಿಶೀಲನೆಗೆ ಲಿಖಿತವಾಗಿ ಕೇಳಿಕೊಳ್ಳಬೇಕು.

ಅಟ್ಟದ ಲೆಕ್ಕ

ಈಗ ನಮ್ಮ ಸೀಮೆಯ ವಿಶೇಷಕ್ಕೆ ಬರೋಣ. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುವುದು ತಿಪಟೂರು ಸೀಮೆಯ ಪದ್ಧತಿ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಲು ಎಂಟು ಹತ್ತು ತಿಂಗಳೂ ಬೇಕು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಅಂದರೆ ಇಲ್ಲಿಯ ಮಾಡು ಜನರ ತಲೆಯನ್ನಷ್ಟೇ ಕಾಯುವುದಿಲ್ಲ, ಒಂದು ವರ್ಷದ ದುಡಿಮೆಯನ್ನೂ ಕಾಯುತ್ತದೆ. ಅಟ್ಟಕ್ಕೆ ನೀರು ಬಿದ್ದರೆ ಸಿಪ್ಪೆ ನೆನೆದು ಬೂಷ್ಟು ಹಿಡಿಯುತ್ತದೆ, ಕೊಬ್ಬರಿಯ ಬಣ್ಣ ಕೆಡುತ್ತದೆ, ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಒಂದು ಅಟ್ಟದಲ್ಲಿ ಹತ್ತು ಕ್ವಿಂಟಲ್ ಕೊಬ್ಬರಿಯಾಗುವಷ್ಟು ಕಾಯಿ ಇದ್ದರೆ ಅದರ ಬೆಲೆ 1,21,000 ರೂಪಾಯಿ. ಪೂರ್ತಿ ಬಿದ್ದ ಒಂದು ಮನೆಗೆ ಕೇಂದ್ರದ ದರಪಟ್ಟಿ ಕೊಡುವ ಹಣವೂ ಸರಿಸುಮಾರು ಅಷ್ಟೇ. ಮನೆಯ ಗೋಡೆ ನಿಂತು ಹೆಂಚು ಮಾತ್ರ ಹಾರಿದಾಗ ಆ ಮನೆ 'ಭಾಗಶಃ' ಪಟ್ಟಿಗೆ ಸೇರುತ್ತದೆ. ಆದರೆ ಅಟ್ಟದ ಮೇಲಿನದು ಪೂರ್ತಿ ಹೋಗಿರಬಹುದು. ಮನೆ ಹಾನಿಯ ಪಟ್ಟಿಯಲ್ಲಿ ಅಟ್ಟದ ಕೊಬ್ಬರಿಗೆ ಪ್ರತ್ಯೇಕ ಸಾಲಿಲ್ಲ. ಬೆಳೆ ಹಾನಿಯ ಪಟ್ಟಿಯಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ ಇತ್ತಾದರೂ ಅದು ತೋಟದಲ್ಲಿ ನಿಂತ ಬೆಳೆಯ ಮಾತು. ಕಿತ್ತು ತಂದು ಅಟ್ಟಕ್ಕೆ ಹಾಕಿದ ಕಾಯಿ ಎರಡು ಪಟ್ಟಿಗಳ ನಡುವೆ ಜಾರಿಬೀಳುತ್ತದೆ. ಒಂದು ನಾಡಿಗೆಲ್ಲ ಅನ್ವಯಿಸುವ ನಿಯಮ ಒಂದು ಸೀಮೆಯ ಬದುಕಿನ ರೀತಿಯನ್ನು ಕಾಣದೆ ಹೋಗುವುದಕ್ಕೆ ಇದೊಂದು ಉದಾಹರಣೆ.

ಮೊದಲು ರಿಪೇರಿಯೋ, ಮೊದಲು ಪರಿಶೀಲನೆಯೋ?

ಇದರಿಂದ ಒಂದು ಇಕ್ಕಟ್ಟು ಹುಟ್ಟುತ್ತದೆ. ನಾವು ಕಣ್ಣ ಮುಂದೆ ತಂದುಕೊಂಡ ಮನೆಯಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗನಿದ್ದಾನೆ ಎಂದುಕೊಳ್ಳಿ.

"ಲೇ ಮಗ, ನಿಂತ್ಕಂಡು ಏನ್ ನೋಡ್ತೀಯ? ಮೊದ್ಲು ಹೆಂಚು ಜೋಡ್ಸು, ಕಾಯೆಲ್ಲ ನೆನೀತಾವೆ" ಎನ್ನುತ್ತಾಳೆ ಅಜ್ಜಿ.

"ಇರಜ್ಜಿ, ಎರಡು ಫೋಟೊ ತೆಗೀತೀನಿ. ಎಲ್ಲಾ ಜೋಡ್ಸಿಬಿಟ್ರೆ ನಾಳೆ ಬಂದೋರಿಗೆ ಏನ್ ತೋರ್ಸೋದು?" ಎನ್ನುತ್ತಾನೆ ಮೊಮ್ಮಗ.

ಇಬ್ಬರ ಮಾತಿನಲ್ಲೂ ನ್ಯಾಯವಿದೆ. ತಡಮಾಡಿದರೆ ಕೊಬ್ಬರಿ ಕೆಡುತ್ತದೆ. ಪೂರ್ತಿ ರಿಪೇರಿ ಮಾಡಿದರೆ ಹಾನಿಯ ಗುರುತು ಅಳಿಯುತ್ತದೆ. ದಾರಿ ಇವೆರಡರ ನಡುವೆ ಇದೆ. ಮೊದಲು ಹೊರಗಿನಿಂದ ನಾಲ್ಕು ಕಡೆ, ಒಳಗಿನಿಂದ ಮಾಡು, ಗೋಡೆ, ಅಟ್ಟ ಕಾಣುವಂತೆ ಚಿತ್ರ ತೆಗೆಯುವುದು. ಕೂಡಲೇ ಟಾರ್ಪಾಲು ಹೊದಿಸಿ ಕಾಯನ್ನು ಒಣ ಜಾಗಕ್ಕೆ ಸಾಗಿಸುವುದು. ಒಡೆದ ಹೆಂಚು, ಮುರಿದ ರೀಪುಗಳನ್ನು ಎಸೆಯದೆ ಮನೆಯ ಪಕ್ಕದಲ್ಲೇ ಗುಡ್ಡೆ ಹಾಕಿಡುವುದು. ಅದೇ ದಿನ ಗ್ರಾಮ ಆಡಳಿತ ಅಧಿಕಾರಿಗೆ, ಅಂದರೆ ಹಿಂದೆ ಗ್ರಾಮ ಲೆಕ್ಕಿಗ ಎನ್ನುತ್ತಿದ್ದವರಿಗೆ, ಸುದ್ದಿ ಮುಟ್ಟಿಸುವುದು.

ಅರ್ಜಿಯ ಹಾದಿ

ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಬಂದು, ಊರಿನ ಪಂಚರ ಸಮಕ್ಷಮ ಮಹಜರು ಬರೆಯುತ್ತಾರೆ. ಹೋಬಳಿಯ ಕಂದಾಯ ನಿರೀಕ್ಷಕರು ಅದನ್ನು ನೋಡುತ್ತಾರೆ. ಹಾನಿಯ ಪ್ರಮಾಣವನ್ನು ಅಂದಾಜು ಮಾಡಲು ಎಂಜಿನಿಯರರ ವರದಿಯನ್ನೂ ಪಡೆಯುವುದುಂಟು. ನಂತರ ಕಡತ ತಹಸೀಲ್ದಾರರ ಮುಂದೆ ಹೋಗುತ್ತದೆ. ಮಂಜೂರಾದ ಹಣ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅರ್ಜಿಯ ಜೊತೆಗೆ ಮನೆಯ ಖಾತೆಯ ನಕಲು, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್ ಪುಸ್ತಕದ ನಕಲು ಮತ್ತು ಚಿತ್ರಗಳನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಲು ಮರೆಯಬಾರದು. ಮಹಜರಿಗೆ ಸಹಿ ಹಾಕುವ ಮುನ್ನ ಅದರಲ್ಲಿ ಏನು ಬರೆದಿದೆಯೆಂದು ಓದಿಸಿ ಕೇಳಬೇಕು. ಇಲ್ಲಿ ಓದು ಬಲ್ಲ ಮಕ್ಕಳ ಉಪಯೋಗ ದೊಡ್ಡದು.

ದರಪಟ್ಟಿಯ ಜೊತೆಗೇ ಒಂದು ಷರತ್ತು ಇತ್ತು. ಮನೆ ಅಧಿಕೃತ ನಿರ್ಮಾಣವೆಂದು ಸಕ್ಷಮ ಅಧಿಕಾರಿ ದೃಢೀಕರಿಸಬೇಕು. ಹಕ್ಕುಪತ್ರವಿಲ್ಲದೆ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಬಡವರು ಈ ಷರತ್ತಿನಲ್ಲಿ ತೊಡಕಿಗೆ ಸಿಕ್ಕುತ್ತಾರೆ. ಅಂಥ ಮನೆಗಳನ್ನು ಸಕ್ರಮಗೊಳಿಸಲು ಕರ್ನಾಟಕ ಭೂ ಕಂದಾಯ ಕಾಯಿದೆಯ 94-ಸಿ ಪ್ರಕರಣವಿದೆ. ತಂದೆ ತೀರಿಕೊಂಡು ವರ್ಷಗಳಾದರೂ ಖಾತೆ ಅವರ ಹೆಸರಿನಲ್ಲೇ ಇರುವ ಮನೆಗಳೂ ಬಹಳ. ಗಾಳಿ ಬೀಸಿದ ಮೇಲೆ ಖಾತೆ ಬದಲಾವಣೆಗೆ ಓಡಾಡುವುದಕ್ಕಿಂತ ಮೊದಲೇ ಆ ಕೆಲಸ ಮಾಡಿಸಿಕೊಳ್ಳುವುದು ಜಾಣತನ.

ಕಾಯಿದೆಯ ಇನ್ನೆರಡು ಮಾತುಗಳು ನೆನಪಿನಲ್ಲಿರಲಿ. ಪರಿಹಾರ ಕೊಡುವಾಗ ಲಿಂಗ, ಜಾತಿ, ಸಮುದಾಯ, ಮತಗಳ ಆಧಾರದ ಮೇಲೆ ಭೇದ ಮಾಡಬಾರದೆಂದು 61ನೆಯ ಪ್ರಕರಣ ಹೇಳುತ್ತದೆ. ತಿಳಿದೂ ಸುಳ್ಳು ಹೇಳಿ ಪರಿಹಾರ ಕೇಳುವುದು 52ನೆಯ ಪ್ರಕರಣದಂತೆ ಎರಡು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಬೀಳದ ಮನೆಯನ್ನು ಬಿದ್ದಿದೆಯೆಂದು ಬರೆಸಿದರೆ ಆ ಹಣ ನಿಜವಾಗಿ ಬಿದ್ದ ಮನೆಯವನ ಪಾಲಿನಿಂದ ಹೋದಂತೆ.

ಹೊರನಾಡಿನ ಒಂದು ಪಾಠ

ಶ್ರೀಮಂತ ದೇಶಗಳಲ್ಲಿ ಇಂಥ ತೊಡಕುಗಳಿಲ್ಲ ಎಂದು ಭಾವಿಸಬೇಕಿಲ್ಲ. 2005ರ ಆಗಸ್ಟಿನಲ್ಲಿ ಅಮೆರಿಕದ ಲೂಸಿಯಾನ ರಾಜ್ಯಕ್ಕೆ ಕಟ್ರೀನಾ ಎಂಬ ಹರಿಕೇನ್ ಅಪ್ಪಳಿಸಿ ನ್ಯೂ ಆರ್ಲಿಯನ್ಸ್ ನಗರ ಮುಳುಗಿತು. ಅಲ್ಲಿಯ ಸರ್ಕಾರ 'ರೋಡ್ ಹೋಮ್' ಎಂಬ ಯೋಜನೆಯಲ್ಲಿ ಮನೆ ಮಾಲೀಕರಿಗೆ ಗರಿಷ್ಠ 1,50,000 ಡಾಲರ್ ಕೊಡಲು ಮುಂದಾಯಿತು. ಆದರೆ ಮನೆಯ ಹಿಂದಿನ ಮಾರುಕಟ್ಟೆ ಬೆಲೆ, ರಿಪೇರಿಯ ಖರ್ಚು ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಲೆಕ್ಕಕ್ಕೆ ಹಿಡಿದರು. ಬಡ ಕರಿಯರ ಕೇರಿಗಳಲ್ಲಿ ಮನೆಯ ಬೆಲೆ ಕಡಿಮೆ. ಇಟ್ಟಿಗೆ, ಮರ, ಕೂಲಿಯ ಖರ್ಚು ಮಾತ್ರ ಎಲ್ಲ ಕೇರಿಗೂ ಒಂದೇ. ಒಂದೇ ಬಗೆಯ ಹಾನಿಗೆ ಬಡವನಿಗೆ ಕಡಿಮೆ ಹಣ ಬಂತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು, 2011ರಲ್ಲಿ ಒಪ್ಪಂದವಾಯಿತು. ಪರಿಹಾರದ ಮೊತ್ತದಷ್ಟೇ ಅದನ್ನು ಅಳೆಯುವ ಕೋಲೂ ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ. ಅಲ್ಲಿ ಕೋಲು ಕೇರಿಯ ಬಡತನವನ್ನು ಕಾಣಲಿಲ್ಲ. ಇಲ್ಲಿ ಅದು ಅಟ್ಟವನ್ನು ಕಾಣುತ್ತಿಲ್ಲ.

ರಿಪೇರಿ ಹೇಗಿರಬೇಕು?

ಬಂದ ಹಣದಿಂದ ಮಾಡನ್ನು ಮೊದಲಿದ್ದಂತೆಯೇ ಮಾಡಿದರೆ ಮುಂದಿನ ಭರಣಿ ಮಳೆಗೆ ಮತ್ತೆ ಅದೇ ಕಥೆ. ಅಂಚಿನ ಮತ್ತು ನೆತ್ತಿಯ ಹೆಂಚುಗಳನ್ನು ಗಾರೆಯಿಂದ ಅಥವಾ ತಂತಿಯಿಂದ ಬಿಗಿಯಬೇಕು. ಜಂತೆಗಳನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಕಟ್ಟಬೇಕು. ಶೀಟಿಗೆ ಕೊಕ್ಕೆ ಬೋಲ್ಟು ಹತ್ತಿರ ಹತ್ತಿರ ಹಾಕಿಸಬೇಕು. ಮನೆಯ ಮೇಲೆ ಬಾಗಿದ ಮುದಿ ಮರವನ್ನು, ಎಷ್ಟೇ ಮಮತೆ ಇದ್ದರೂ, ತೆಗೆಸಬೇಕು. ವಿಮೆಯ ದಾರಿಯೂ ಒಂದಿದೆ. 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಮನೆ ವಿಮೆಯನ್ನು ಸಾಮಾನ್ಯ ವಿಮಾ ಕಂಪನಿಗಳು ಮಾರುತ್ತ ಬಂದಿವೆ. ಬಿರುಗಾಳಿಯ ಹಾನಿ ಅದರಲ್ಲಿ ಸೇರಿದೆ. ಸರ್ಕಾರದ ನೆರವು ಊರುಗೋಲಾದರೆ, ನಷ್ಟದ ಲೆಕ್ಕಕ್ಕೆ ಹತ್ತಿರವಾದುದು ವಿಮೆ.

ನೀವು ಮಾಡಬಹುದಾದ ಕೆಲಸ

ವಿದ್ಯಾರ್ಥಿಗಳು ಈ ಬೇಸಿಗೆಗೆ ಮುನ್ನ ಒಂದು ಸಣ್ಣ ಕೆಲಸ ಮಾಡಬಹುದು. ನಿಮ್ಮ ಮನೆಯ, ನೆರೆಯ ಅಜ್ಜ ಅಜ್ಜಿಯರ ಮನೆಯ ಚಿತ್ರಗಳನ್ನು ಹೊರಗಿನಿಂದಲೂ ಒಳಗಿನಿಂದಲೂ ತೆಗೆದಿಡಿ. ಖಾತೆ ಯಾರ ಹೆಸರಿನಲ್ಲಿದೆ ನೋಡಿ. ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಟ್ಟದ ಮೇಲಲ್ಲ, ನೀರು ತಾಗದ ಪೆಟ್ಟಿಗೆಯಲ್ಲಿ ಇಡಿ. ಅಟ್ಟದಲ್ಲಿ ಎಷ್ಟು ಕಾಯಿ ಹಾಕಿದಿರಿ, ಯಾವ ತಿಂಗಳು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಹಾನಿಯಾದಾಗ ಮಹಜರಿನಲ್ಲಿ ಅಟ್ಟದ ಕಾಯಿಯನ್ನೂ ನಮೂದಿಸಬೇಕೆಂದು ಕೇಳಿ. ಇಂದು ಅದಕ್ಕೆ ಹಣ ಬಾರದಿರಬಹುದು. ಆದರೆ ಹಳ್ಳಿ ಹಳ್ಳಿಯ ಮಹಜರುಗಳಲ್ಲಿ ಆ ಸಾಲು ಸೇರುತ್ತ ಹೋದರೆ, ನಾಳೆ ದರಪಟ್ಟಿ ಬರೆಯುವವರ ಕಣ್ಣಿಗೆ ಅದು ಬೀಳಲೇಬೇಕು. ದಾಖಲೆಗೆ ಸಿಗದ ನಷ್ಟವನ್ನು ಯಾವ ಸರ್ಕಾರವೂ ಕಾಣಲಾರದು.